ನಮ್ಮ ಆಡು ಎಲ್ಲಿಗೆ ಹೋಗಬೇಕ್ರಿ, ಸರ?

ರಾಯಚೂರು ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಬಿಸಿಲಿನ ಬೆನ್ನಿಗೆ ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನ, ಕಾಲುವೆ ಕೆಳಗಿನ ಭತ್ತದ ಗದ್ದೆ. ಗುಡ್ಡದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮಲೆನಾಡಿನಿಂದ ವರ್ಗವಾಗಿ ಬಂದ ನೌಕರರು ನಮ್ಮ ಗುಡ್ಡಗಳನ್ನು ಕಂಡು ನಗುವುದುಂಟು. ಯಾರೋ ಲಾರಿಯಲ್ಲಿ ಬಂಡೆ ತಂದು ಸುರಿದು ಹೋದಂತಿದೆ ಎನ್ನುತ್ತಾರೆ.

ಆದರೆ ಈ ಕಲ್ಲುಗುಡ್ಡಗಳಿಲ್ಲದೆ ನಮ್ಮ ಊರುಗಳೇ ಇಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನಾಡನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರಿನ ಕೋಟೆ ಗುಡ್ಡದ ಆಸರೆಯಲ್ಲಿ ನಿಂತಿದೆ. ಅದರ ಗೋಡೆಯಲ್ಲಿ 1294ರ ಶಾಸನವಿರುವ 41 ಅಡಿ ಉದ್ದದ ಒಂದು ಕಲ್ಲಿದೆ. ಆ ಕಲ್ಲನ್ನು ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಬೇಡ ನಾಯಕರು ದೇವದುರ್ಗವನ್ನು ಕಟ್ಟಿಕೊಂಡದ್ದು ಗುಡ್ಡಗಳ ಮರೆಯಲ್ಲೇ. ಮಾನ್ವಿಗೂ ಗುಡ್ಡವೇ ಬೆನ್ನು. ಹಿಂದಿನವರಿಗೆ ಗುಡ್ಡ ಎಂದರೆ ರಕ್ಷಣೆಯಾಗಿತ್ತು. ಇಂದು ಅದು ಕಲ್ಲು ಒಡೆಯುವ ಜಾಗ, ಇಲ್ಲವೇ ಬರೀ ಬಯಲು.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಈಗ ನಿವೃತ್ತನಾಗಿ ರಾಯಚೂರಿನಲ್ಲಿದ್ದೇನೆ. ಪಾಠ ಹೇಳಿದ ಹೆಚ್ಚಿನ ಶಾಲೆಗಳ ಕಿಟಕಿಯಿಂದ ಒಂದಲ್ಲ ಒಂದು ಬೋಳು ಗುಡ್ಡ ಕಾಣುತ್ತಿತ್ತು. ಪುಸ್ತಕದಲ್ಲಿ ಅರಣ್ಯ ಸಂರಕ್ಷಣೆಯ ಅಧ್ಯಾಯ, ಕಿಟಕಿಯಲ್ಲಿ ಅದರ ಪರೀಕ್ಷೆಯ ಫಲಿತಾಂಶ!

ನಾವೂ ಸುಮ್ಮನೆ ಕೂತಿರಲಿಲ್ಲ. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವವನ್ನು ಪ್ರತಿ ಮಳೆಗಾಲದಲ್ಲೂ ತಪ್ಪದೆ ಆಚರಿಸಿದೆವು. ಮಕ್ಕಳು ಸಾಲಾಗಿ ನಿಂತು ಸಸಿ ನೆಟ್ಟರು, ಗಣ್ಯರು ನೀರು ಹಾಕಿದರು, ಫೋಟೊ ತೆಗೆದದ್ದಾಯಿತು. ಮರುವರ್ಷ ಗುಂಡಿ ತೋಡುವ ಶ್ರಮ ಅಷ್ಟಾಗಿ ಇರುತ್ತಿರಲಿಲ್ಲ. ಹೋದ ವರ್ಷದ ಗುಂಡಿ ಖಾಲಿಯಾಗಿಯೇ ಕಾಯುತ್ತಿತ್ತು. ಇದನ್ನು ಓದಿ ನಗುವ ಶಿಕ್ಷಕ ಮಿತ್ರರು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇರುತ್ತಾರೆಂದು ಬಲ್ಲೆ.

ಹಾಗಾದರೆ ಬೋಳು ಗುಡ್ಡ ಮತ್ತೆ ಹಸಿರಾಗುವುದೇ ಇಲ್ಲವೆ? ಆಗುತ್ತದೆ, ಆಗಿದೆ. ಆದರೆ ಅದರ ಗುಟ್ಟು ಸಸಿಯಲ್ಲಿಲ್ಲ. ಅದು ಎಲ್ಲಿದೆ ಎಂದು ಹುಡುಕುವಂತೆ ನನ್ನನ್ನು ಮಾಡಿದ್ದು ಒಬ್ಬ ತಾಯಿಯ ಪ್ರಶ್ನೆ.

ತಂತಿ ಬೇಲಿಯ ಗುಡ್ಡ

ಮಾನ್ವಿ ತಾಲ್ಲೂಕಿನ ಒಂದು ಊರಿನಲ್ಲಿ ನಾನಿದ್ದಾಗ ಊರ ಹಿಂದಿನ ಗುಡ್ಡಕ್ಕೆ ಒಂದು ಯೋಜನೆಯಡಿ ಮುಳ್ಳುತಂತಿ ಬಂತು. ಗುಂಡಿ ತೋಡಿಸಿದರು, ಸಸಿ ಹಚ್ಚಿದರು, ಕಾವಲುಗಾರನನ್ನು ನೇಮಿಸಿದರು. ಊರವರನ್ನು ಕೂಡಿಸಿ ಕೇಳುವ ಪದ್ಧತಿ ಮಾತ್ರ ಇರಲಿಲ್ಲ. ಒಂದು ದಿನ ನನ್ನ ಏಳನೇ ತರಗತಿಯ ಹುಡುಗನೊಬ್ಬನ ಮನೆಯ ಆಡುಗಳು ತಂತಿ ದಾಟಿ ಒಳಗೆ ಹೋದವು. ಅವನ್ನು ದೊಡ್ಡಿಗೆ ಅಟ್ಟಿದರು. ದಂಡ ಕಟ್ಟಿ ಬಿಡಿಸಿಕೊಂಡು ಬರಲು ಹುಡುಗನ ತಾಯಿಗೆ ಎರಡು ದಿನದ ಕೂಲಿ ಹೋಯಿತು. ಆಕೆ ನೇರವಾಗಿ ಶಾಲೆಗೇ ಬಂದಳು, ಯಾಕೆಂದರೆ ಗಿಡ ಹಚ್ಚುವ ದಿನ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ.

"ಗುಡ್ಡಕ್ಕ ತಂತಿ ಹಾಕ್ಯಾರ, ಗಿಡ ಹಚ್ಯಾರ, ಚಲೋ ಆತು. ನಮ್ಮ ಆಡು ಎಲ್ಲಿಗೆ ಹೋಗಬೇಕ್ರಿ, ಸರ? ನಿಮ್ಮ ಸಾಲಿಗೇನ್ ಹೊಡಕೊಂಡು ಬರ್ಲ್ಯಾ?"

"ಕೂಡವ್ವಾ, ನೀರು ಕುಡಿ" ಎಂದೆ. ಅದಕ್ಕಿಂತ ಹೆಚ್ಚಿನದು ಆಗ ಹೊಳೆಯಲಿಲ್ಲ. ಆಕೆಗೆ ಹೊಲವಿರಲಿಲ್ಲ. ಇದ್ದದ್ದು ಎಂಟು ಆಡು. ಮಗನ ಬಟ್ಟೆ, ಮಗಳ ಮದುವೆ, ಗಂಡನ ಔಷಧ ಎಲ್ಲಕ್ಕೂ ಅವೇ ಬ್ಯಾಂಕು. ಕಷ್ಟ ಬಂದಾಗ ಒಂದನ್ನು ಸಂತೆಗೆ ಹೊಡೆದರೆ ಮನೆ ನಡೆಯುತ್ತಿತ್ತು. ಆ ಬ್ಯಾಂಕಿಗೆ ಬಂಡವಾಳ ಊರ ಗುಡ್ಡದ ಮೇವು.

ಮೂರನೆಯ ವರ್ಷ ಯೋಜನೆ ಮುಗಿಯಿತು, ಕಾವಲುಗಾರನ ಸಂಬಳ ನಿಂತಿತು. ಒಂದೆರಡು ತಿಂಗಳಲ್ಲಿ ತಂತಿ ಕಾಣೆಯಾಯಿತು, ಕಂಬವೂ ಹೋದವು. ಸಸಿಗಳ ಮಾತು ಹಾಗಿರಲಿ, ಬೇಲಿಯೊಳಗೆ ತಾವಾಗಿ ಚಿಗುರಿದ್ದ ಹಳೆಯ ಬೊಡ್ಡೆಗಳನ್ನೂ ಕಡಿದು ಒಲೆಗೆ ಹಾಕಿದರು. ಕಡಿದವರು ಕಳ್ಳರಲ್ಲ, ಆ ಊರವರೇ. ತಮ್ಮದಲ್ಲದ ಗುಡ್ಡವನ್ನು ಕಾಯುವ ಮನಸ್ಸು ಯಾರಿಗೆ ಬಂದೀತು?

ಆದರೆ ಅದೇ ಮೂರು ವರ್ಷದಲ್ಲಿ ನಾನು ಒಂದು ಸಂಗತಿಯನ್ನು ಕಣ್ಣಾರೆ ಕಂಡಿದ್ದೆ. ನೆಟ್ಟ ಸಸಿಗಳಲ್ಲಿ ಬಹಳಷ್ಟು ಸತ್ತವು. ಯಾರೂ ನೆಡದ ಗಿಡಗಳು ಎದ್ದು ನಿಂತವು. ಮುತ್ತಲ, ದಿಂಡಲ, ತೂಬರೆ, ಬಾರಿ. ವಿದ್ಯಾರ್ಥಿಗಳು ಇದರ ಕಾರಣ ತಿಳಿಯಬೇಕು. ಬೋಳಾಗಿ ಕಾಣುವ ಗುಡ್ಡದ ಬಂಡೆಗಳ ಸಂದಿಯಲ್ಲಿ ಹಳೆಯ ಕಾಡಿನ ಬೇರು ಎಷ್ಟೋ ವರ್ಷ ಜೀವ ಹಿಡಿದಿರುತ್ತದೆ. ಪ್ರತಿ ಮಳೆಗೆ ಚಿಗುರುತ್ತದೆ. ಪ್ರತಿ ಸಲವೂ ಆಡು ಅದನ್ನು ಮೇಯುತ್ತದೆ, ಕೊಡಲಿ ಕಡಿಯುತ್ತದೆ. ಮೂರು ಮಳೆಗಾಲ ಬಿಟ್ಟರೆ ಚಿಗುರು ಆಡಿನ ಬಾಯಿಗೆ ಸಿಗದಷ್ಟು ಎತ್ತರಕ್ಕೆ ಹೋಗುತ್ತದೆ. ಆಳಕ್ಕಿಳಿದ ಬೇರು ಇರುವುದರಿಂದ ಅದಕ್ಕೆ ಟ್ಯಾಂಕರ್ ನೀರು ಬೇಕಿಲ್ಲ. ನರ್ಸರಿಯ ಸಸಿಗೆ ಈ ಭಾಗ್ಯವಿಲ್ಲ; ನಮ್ಮ ಮೇ ತಿಂಗಳಿನ ಬಂಡೆಯ ಕಾವಿಗೆ ಅದು ಬೆಂದುಹೋಗುತ್ತದೆ.

ಅಂದರೆ ಕಾಡು ಬೆಳೆಸುವ ಕೆಲಸದ ಮುಕ್ಕಾಲು ಪಾಲು ಕಾಡಿಗೇ ಗೊತ್ತಿದೆ. ಉಳಿದ ಕಾಲು ಪಾಲು ಊರಿನ ಒಪ್ಪಂದ. ನಮ್ಮಲ್ಲಿ ಇಲ್ಲದ್ದು ಅದು.

ಮೂರು ಊರು, ಒಂದೇ ಮಳೆ

ದೇವದುರ್ಗದ ಕಡೆ ನನ್ನ ಜತೆ ಕುಮಟಾ ತಾಲ್ಲೂಕಿನ ಒಬ್ಬ ಶಿಕ್ಷಕರಿದ್ದರು. ಮಂಗಳಾರತಿ ಮಾಡಿದಂತೆ ದಿನಾ ಸಂಜೆ ತಮ್ಮ ಊರಿನ ಹಸಿರನ್ನು ಹೊಗಳುವರು. ಒಂದು ದಸರಾ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಅವರು ತೋರಿಸಿ ಹೇಳಿದ ಹಳಕಾರ ಎಂಬ ಊರಿನ ಕಥೆ ನಮ್ಮ ಮಕ್ಕಳಿಗೆ ತಿಳಿಯಬೇಕಾದದ್ದು.

ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಡನ್ನೆಲ್ಲ ಬ್ರಿಟಿಷ್ ಸರ್ಕಾರ ತನ್ನದಾಗಿಸಿಕೊಂಡ ಮೇಲೆ ಸೊಪ್ಪಿಗೂ ಕಟ್ಟಿಗೆಗೂ ರೈತರು ಪಾಡು ಪಡಬೇಕಾಯಿತು. ದೂರುಗಳು ಹೆಚ್ಚಿದವು. 1920ರ ದಶಕದಲ್ಲಿ ಜಿ.ಎಫ್.ಎಸ್. ಕಾಲಿನ್ಸ್ ಎಂಬ ಅಧಿಕಾರಿ ಜಿಲ್ಲೆಯ ಸ್ಥಿತಿ ಪರಿಶೀಲಿಸಿ, ಊರ ಬಳಿಯ ಕಾಡನ್ನು ಊರವರ ಪಂಚಾಯತಿಗೇ ಒಪ್ಪಿಸಬಹುದೆಂದು ಶಿಫಾರಸು ಮಾಡಿದರು. ಹೀಗೆ ಕುಮಟಾ ತಾಲ್ಲೂಕಿನಲ್ಲಿ ಹಳಕಾರ, ಮೂರೂರು-ಕಲ್ಲಬ್ಬೆ ಮತ್ತು ಚಿತ್ರಗಿಯಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು.

ಪಂಚಾಯತಿ ಮಾಡಿದ್ದು ಬಹಳ ಸರಳವಾದ ಕೆಲಸ. ಯಾರ ಮನೆಗೆ ಎಷ್ಟು ಕಟ್ಟಿಗೆ, ಯಾವ ಕಾಲದಲ್ಲಿ ಸೊಪ್ಪು, ಎಷ್ಟು ಶುಲ್ಕ ಎಂದು ತಾವೇ ಕೂತು ಗೊತ್ತು ಮಾಡಿಕೊಂಡರು. ಆ ದುಡ್ಡಿನಲ್ಲಿ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡರು. ಸಂಬಳ ಊರಿನದು, ಆದ್ದರಿಂದ ಅವನು ಊರಿಗೆ ಉತ್ತರ ಹೇಳಬೇಕು. ತಪ್ಪು ಮಾಡಿದವರಿಗೆ ದಂಡವೂ ಊರಿನದೇ.

ನಾನು ನನ್ನ ಮಿತ್ರರಿಗೆ ಸಹಜವಾಗಿಯೇ ಹೇಳಿದೆ: "ನಿಮ್ಮಲ್ಲಿ ಕಲ್ಲಿನ ಮೇಲೂ ಪಾಚಿ ಬೆಳೆಯುತ್ತದೆ. ಅಂಥ ಮಳೆಯಲ್ಲಿ ಕಾಡು ಉಳಿದದ್ದು ಏನು ದೊಡ್ಡದು?"

ಅವರು ಕೊಟ್ಟ ಉತ್ತರ ನನ್ನ ಬಾಯಿ ಮುಚ್ಚಿಸಿತು. ಎಪ್ಪತ್ತರ ದಶಕದ ಕೊನೆಗೆ ಈ ಪಂಚಾಯತಿಗಳನ್ನು ರದ್ದು ಮಾಡಿ ಕಾಡನ್ನು ಹಿಂದಕ್ಕೆ ಪಡೆಯಲು ಸರ್ಕಾರ ಆದೇಶ ಹೊರಡಿಸಿತು. ಹಳಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ತಮ್ಮ ಪಂಚಾಯತಿಯನ್ನು ಉಳಿಸಿಕೊಂಡರು. ಅಲ್ಲಿ ಕಾಡು ಉಳಿಯಿತು. ಚಿತ್ರಗಿಯ ಪಂಚಾಯತಿ ಹೋಯಿತು. ಅದರ ಬೆನ್ನಿಗೇ ಕಾಡೂ ಹೋಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಈ ಊರುಗಳನ್ನು ಹೋಲಿಸಿ ಬರೆದಿದ್ದಾರೆ. ಒಂದೇ ತಾಲ್ಲೂಕು, ಒಂದೇ ಮಳೆ, ಒಂದೇ ಮಣ್ಣು. ಬೇರೆಯಾಗಿದ್ದದ್ದು ನಿಯಮ ಮಾಡುವವರು ಯಾರು ಎಂಬುದೊಂದೇ. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ನೋಡುವುದನ್ನು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಇಲ್ಲಿ ಇತಿಹಾಸವೇ ಆ ಪ್ರಯೋಗ ಮಾಡಿ ತೋರಿಸಿದೆ.

ಅದೇ ಜಿಲ್ಲೆಯ ಶಿರಸಿ ಬಳಿ 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದ್ದು ಪಠ್ಯದಲ್ಲಿ ಬರುತ್ತದೆ, ಬರಬೇಕಾದದ್ದೇ. ಆದರೆ ಮರವನ್ನು ಒಂದು ದಿನ ಅಪ್ಪಿಕೊಳ್ಳುವ ಧೈರ್ಯದಷ್ಟೇ, ವರ್ಷಗಟ್ಟಲೆ ಲೆಕ್ಕದ ಪುಸ್ತಕ ಇಟ್ಟು ಕಾಡು ಕಾಯುವ ತಾಳ್ಮೆಯೂ ದೊಡ್ಡದು. ಹಳಕಾರದ್ದು ಅಂಥ ತಾಳ್ಮೆ. ಅದರ ಫೋಟೊ ತೆಗೆಯಲು ಬರುವುದಿಲ್ಲವಾದ್ದರಿಂದ ಪಠ್ಯದಲ್ಲಿ ಇಲ್ಲ ಎಂದು ಕಾಣುತ್ತದೆ.

ಮಳೆ ಕಡಿಮೆ ಇರುವಲ್ಲಿ?

ಆದರೂ ನಮ್ಮವರು ಒಪ್ಪುವುದಿಲ್ಲ. "ಅವರದು ಮಲೆನಾಡರಿ, ನಮ್ಮ ಬಿಸಿಲಾಗ ಏನು ಹುಟ್ಟತೈತಿ?" ಎನ್ನುತ್ತಾರೆ. ಈ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಗುಣಿಸಿದರೆ ಒಂದು ಹೆಕ್ಟೇರ್ ಗುಡ್ಡದ ಮೇಲೆ ಬೀಳುವ ನೀರು 6,000 ಘನ ಮೀಟರ್, ಅಂದರೆ 60 ಲಕ್ಷ ಲೀಟರ್. ಇದು ಕಡಿಮೆ ನೀರಲ್ಲ. ಆದರೆ ಬೋಳು ಬಂಡೆಯ ಮೇಲೆ ಬಿದ್ದ ಮಳೆ ಗಂಟೆಯೊಳಗೆ ಹಳ್ಳ ಸೇರುತ್ತದೆ. ಹೋಗುವಾಗ ಇದ್ದಬದ್ದ ಮಸಾರಿ ಮಣ್ಣನ್ನೂ ಹೊತ್ತೊಯ್ದು ಕೆರೆಯಲ್ಲಿ ಹೂಳಾಗಿ ಕೂರಿಸುತ್ತದೆ. ಗುಡ್ಡದಲ್ಲಿ ಹುಲ್ಲು, ಪೊದೆ, ಅಡ್ಡ ಕಂದಕಗಳು ಇದ್ದರೆ ಅದೇ ನೀರು ನಿಂತು, ಇಂಗಿ, ಕೆಳಗಿನ ಬಾವಿಗೆ ಬರುತ್ತದೆ. ಗುಡ್ಡ ಎಂದರೆ ಊರ ತಲೆಯ ಮೇಲಿನ ನೀರಿನ ಟ್ಯಾಂಕು. ನಮ್ಮದು ಸದ್ಯ ತಳ ಒಡೆದ ಟ್ಯಾಂಕು.

ಕಲ್ಲುಗುಡ್ಡದಲ್ಲಿ ಹಸಿರು ಮರಳುವುದೆಂಬುದಕ್ಕೆ ದೂರ ಹೋಗಬೇಕಿಲ್ಲ. ಹಂಪಿಯ ಹತ್ತಿರ 1994ರಲ್ಲಿ ಕರಡಿಧಾಮವಾದ ದರೋಜಿಯ ಗುಡ್ಡಗಳು ನಮ್ಮವೇ ಜಾತಿಯ ಬಂಡೆಗುಡ್ಡಗಳು. ಕಾಪಾಡಿದ್ದರಿಂದ ಅಲ್ಲಿ ಕುರುಚಲು ಕಾಡು ಮರಳಿ ಎದ್ದಿದೆ. ಆದರೆ ಕರಡಿಧಾಮ ಸರ್ಕಾರದ ಕಾವಲಿನ ಜಾಗ. ಊರವರೇ ಮಾಡಿದ್ದು ಬೇಕೆಂದರೆ ಮಹಾರಾಷ್ಟ್ರದ ಅಹಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರ್ ಎಂಬ ಹಳ್ಳಿಯನ್ನು ನೋಡಬೇಕು.

ಅಲ್ಲಿನ ಮಳೆ 400 ಮಿ.ಮೀ. ಆಸುಪಾಸು, ನಮಗಿಂತ ಕಡಿಮೆ. 1972ರ ಬರಗಾಲದ ನಂತರ ಊರು ಬರಿದಾಗುತ್ತಾ ಹೋಗಿ, ಜನ ಮುಂಬಯಿ-ಪುಣೆಗೆ ದುಡಿಯಲು ಹೊರಟರು. 1989ರಲ್ಲಿ ಪೋಪಟರಾವ್ ಪವಾರ್ ಎಂಬ ಓದಿದ ಯುವಕ ಸರಪಂಚರಾದರು. ಊರು ಕೂತು ಕೆಲವು ನಿಯಮ ಮಾಡಿಕೊಂಡಿತು: ಗುಡ್ಡದಲ್ಲಿ ದನಕುರಿ ಬಿಡುವಂತಿಲ್ಲ, ಹುಲ್ಲು ಕೊಯ್ದು ತರಬಹುದು. ಹಸಿ ಮರಕ್ಕೆ ಕೊಡಲಿ ಇಲ್ಲ. ಬೇಸಾಯಕ್ಕೆ ಕೊಳವೆಬಾವಿ ಇಲ್ಲ. ಕಬ್ಬು ಇಲ್ಲ. ಶ್ರಮದಾನ ಎಲ್ಲರದು. ಗುಡ್ಡದ ಮೈಗೆ ಕಂದಕ ತೋಡಿದರು, ಹಳ್ಳಕ್ಕೆ ಒಡ್ಡು ಹಾಕಿದರು. ವರ್ಷಾವರ್ಷ ಮಳೆ ನೀರಿನ ಜಮಾ-ಖರ್ಚು ಬರೆದು, ಅದರಂತೆ ಯಾವ ಬೆಳೆ ಎಂದು ನಿರ್ಧರಿಸಿದರು. ಬಾವಿಗಳಲ್ಲಿ ನೀರು ಏರಿತು, ಮೇವು ಬಂತು, ಹೈನು ಬೆಳೆಯಿತು. ಊರು ಬಿಟ್ಟು ಹೋಗಿದ್ದ ಹಲವು ಕುಟುಂಬಗಳು ಹಿಂದಿರುಗಿದವು. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಹಿಂದಿರುಗಿದವು ಎಂಬ ಒಂದು ಶಬ್ದಕ್ಕಾಗಿ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇನೆ. ಮಳೆ ಆಧಾರದ ನಮ್ಮ ಹಳ್ಳಿಗಳಲ್ಲಿ ದೀಪಾವಳಿ ಮುಗಿದು ಸಂಕ್ರಾಂತಿ ಬರುವಷ್ಟರಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಗೈರುಗಳು ಸಾಲುಗಟ್ಟುತ್ತಿದ್ದವು. ಮಕ್ಕಳಿಗೆ ಜ್ವರ ಬಂದಿರುತ್ತಿರಲಿಲ್ಲ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೊರಟಿರುತ್ತಿದ್ದರು. ದೊಡ್ಡ ಮಗಳು ತಮ್ಮನನ್ನು ಎತ್ತಿಕೊಳ್ಳಲು ಜತೆಗೆ ಹೋಗಬೇಕು. ಕಟ್ಟುತ್ತಿರುವ ಬಹುಮಹಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳ ಏಳನೇ ತರಗತಿ ಮುಗಿಯುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಮಾನ್ವಿ ಕಡೆಯ ಊರುಗಳಲ್ಲೂ, ನಾರಾಯಣಪುರ ಬಲದಂಡೆ ಕಾಲುವೆ ಬಂದ ದೇವದುರ್ಗದ ಊರುಗಳಲ್ಲೂ ನೀರು ಕಂಡ ಹೊಲದವರು ಉಳಿದರು. ನೀರು ಕಾಣದ ಗುಡ್ಡದ ಬುಡದವರು ಚೀಲ ಕಟ್ಟಿದರು. ಕಾಲುವೆ ಗುಡ್ಡ ಹತ್ತುವುದಿಲ್ಲ. ಅವರಿಗೆ ನೀರು ಬರಬೇಕಾದರೆ ಗುಡ್ಡದಿಂದಲೇ ಬರಬೇಕು.

ಆದ್ದರಿಂದ ಗುಡ್ಡದ ಹಸಿರು ಬರೀ ಹಕ್ಕಿಪಕ್ಷಿಗಳ ಪ್ರಶ್ನೆ ಅಲ್ಲ. ಅದು ಶಾಲೆಯ ಬೆಂಚು ಖಾಲಿಯಾಗದಿರುವ ಪ್ರಶ್ನೆ.

ಭೂಮಿ ಇಲ್ಲದವರ ಪಾಲು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಗುಡ್ಡಕ್ಕೆ ದನಕುರಿ ಬಿಡಬೇಡಿ ಎಂಬ ನಿಯಮ ಹೊಲ, ಬಾವಿ ಇದ್ದವರಿಗೆ ಸುಲಭ. ನೀರು ಹೆಚ್ಚಿದರೆ ಲಾಭ ಅವರಿಗೇ. ಎಂಟು ಆಡಿನ ಒಡತಿ ಮಾತ್ರ ತನ್ನ ಬದುಕನ್ನು ತೆತ್ತು ಇನ್ನೊಬ್ಬರ ಬಾವಿ ತುಂಬಿಸಬೇಕೆ? ಈ ಅನ್ಯಾಯ ಇರುವ ತನಕ ಎಷ್ಟು ತಂತಿ ಹಾಕಿದರೂ ಅದು ಉಳಿಯುವುದಿಲ್ಲ.

ಇದಕ್ಕೆ ಉತ್ತರ ಹರಿಯಾಣದ ಶಿವಾಲಿಕ್ ಬೆಟ್ಟಗಳ ಬುಡದ ಸುಖೋಮಾಜ್ರಿ ಎಂಬ ಪುಟ್ಟ ಹಳ್ಳಿಯಲ್ಲಿ ಸಿಕ್ಕಿತು. ಚಂಡೀಗಢದಲ್ಲಿ 1958ರಲ್ಲಿ ಕಟ್ಟಿದ ಸುಖ್ನಾ ಕೆರೆ ಹೂಳಿನಿಂದ ತುಂಬತೊಡಗಿತ್ತು. ಮಣ್ಣು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಕೊಂಡು ಹೊರಟ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ.ಆರ್. ಮಿಶ್ರಾ ಈ ಹಳ್ಳಿಯ ಬೋಳು ಬೆಟ್ಟಕ್ಕೆ ಬಂದು ಮುಟ್ಟಿದರು. ಕಾರಣ ನಮ್ಮಲ್ಲಿನದೇ: ಆಡು, ಕೊಡಲಿ, ಬಡತನ. 1976ರಲ್ಲಿ ಅಲ್ಲೊಂದು ಸಣ್ಣ ಮಣ್ಣಿನ ಅಣೆಕಟ್ಟು ಆಯಿತು. ನೀರು ಹೊಲಕ್ಕೆ ಹರಿಯಿತು. ಆಗ ಎದ್ದದ್ದು ಇದೇ ಪ್ರಶ್ನೆ. ಹೊಲ ಇದ್ದವರಿಗೆ ನೀರು, ನಮಗೇನು?

ಊರು ಕೊನೆಗೆ ಮಾಡಿಕೊಂಡ ತೀರ್ಮಾನ ವಿಶೇಷವಾದದ್ದು. ನೀರಿನಲ್ಲಿ ಪ್ರತಿ ಕುಟುಂಬಕ್ಕೂ ಸಮಪಾಲು, ಹೊಲ ಇರಲಿ ಇಲ್ಲದಿರಲಿ. ಭೂಮಿ ಇಲ್ಲದವರು ತಮ್ಮ ಪಾಲಿನ ನೀರನ್ನು ಬೇಕಾದವರಿಗೆ ಕೊಟ್ಟು ಪ್ರತಿಫಲ ಪಡೆಯಬಹುದು. ಪ್ರತಿಯಾಗಿ ಯಾರೂ ಬೆಟ್ಟಕ್ಕೆ ಆಡು ಬಿಡುವುದಿಲ್ಲ. ತಂತಿ ಇಲ್ಲದೆ ಬೇಲಿ ಆಯಿತು. ಬೆಟ್ಟದಲ್ಲಿ ಹುಲ್ಲು ಎದ್ದಿತು. ಹಗ್ಗಕ್ಕೂ ಕಾಗದಕ್ಕೂ ಬರುವ ಭಾಬರ್ ಹುಲ್ಲು ಆದಾಯ ತಂದಿತು. ಆಡು ಕಡಿಮೆಯಾಗಿ ಎಮ್ಮೆ ಹೆಚ್ಚಿದವು. ಯಾರೂ ಆಡು ಕಸಿದುಕೊಳ್ಳಲಿಲ್ಲ. ಎಮ್ಮೆಗೆ ಮೇವು ಸಿಗತೊಡಗಿದಾಗ ಜನ ತಾವೇ ಬದಲಾದರು.

ನಮ್ಮ ಗುಡ್ಡಗಳಿಗೂ ಇದೇ ದಾರಿ. ಇಡೀ ಗುಡ್ಡವನ್ನು ಒಮ್ಮೆಗೆ ಮುಚ್ಚುವುದು ಬೇಡ. ಮೂರು ಭಾಗ ಮಾಡಿ, ಒಂದು ಭಾಗಕ್ಕೆ ಮೂರು ಮಳೆಗಾಲ ರಜೆ ಕೊಡಬಹುದು. ಮುಚ್ಚಿದ ಭಾಗದಲ್ಲಿ ಮೊದಲ ವರ್ಷವೇ ಹುಲ್ಲು ಬರುತ್ತದೆ. ಅದನ್ನು ಕೊಯ್ದು ತರುವ ಮೊದಲ ಹಕ್ಕು ಹೊಲವಿಲ್ಲದ, ಆಡು ಸಾಕುವ ಮನೆಗೆ ಇರಬೇಕು. ಚಿಗುರು ಎತ್ತರವಾದ ಮೇಲೆ ಆ ಭಾಗ ಬಿಟ್ಟು ಇನ್ನೊಂದು ಮುಚ್ಚಬೇಕು. ಇದೇನೂ ಹೊಸ ವಿದ್ಯೆಯಲ್ಲ. ಯಾವ ತಿಂಗಳು ಯಾವ ದಿಕ್ಕಿಗೆ ಹಟ್ಟಿ ಹಾಕಬೇಕೆಂದು ನಮ್ಮ ಕುರುಬ ಹಿರಿಯರಿಗೆ ಬಾಯಿಪಾಠವಿದೆ. ಅವರನ್ನು ಸಭೆಗೆ ಕರೆದು ಕುರ್ಚಿ ಕೊಟ್ಟು ಕೇಳಬೇಕು, ಅಷ್ಟೆ.

ಇನ್ನು ಹಣ್ಣಿನ ವಿಷಯ. ಮಳೆಗಾಲ ಮುಗಿಯುವ ಹೊತ್ತಿಗೆ ರಾಯಚೂರಿನ ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿಗಳು ಕೂರುತ್ತವೆ. ನಗರದ ತಾಯಂದಿರು ಚೌಕಾಸಿ ಮಾಡಿ ಒಯ್ಯುವ ಈ ಹಣ್ಣು ಬಹುಪಾಲು ಗುಡ್ಡದ್ದು. ಇಷ್ಟೆಲ್ಲ ಕಡಿತ, ಮೇವುಗಳ ನಡುವೆ ಇದು ಹೇಗೆ ಉಳಿಯಿತು? ಅದರ ಎಲೆಯನ್ನು ಆಡು ಮುಟ್ಟುವುದಿಲ್ಲ. ತಂಗಡಿ, ಬಂದರಿಕೆ ಉಳಿದಿರುವುದೂ ಇದೇ ಕಾರಣಕ್ಕೆ. ನಮ್ಮ ಪಕ್ಕದ ಮಹಬೂಬನಗರ ಜಿಲ್ಲೆಯ ಬಾಲಾನಗರದ ಸೀತಾಫಲ ತಳಿ ದೇಶಕ್ಕೆಲ್ಲ ಹೆಸರಾಗಿದೆ. ಅಂದರೆ ಈ ನೆಲ ಆ ಹಣ್ಣಿನ ತವರು. ಆದರೆ ಬುಟ್ಟಿ ಹೊತ್ತು ತಂದವಳಿಗೆ ಸಿಗುವುದು ಕಡಿಮೆ. ಒಬ್ಬಾಕೆ ನನಗೆ ಹೇಳಿದಳು: "ಇವತ್ತಿನ ಹಣ್ಣು ನಾಳಿಗೆ ಬೆಲ್ಲ, ನಾಡಿದ್ದಿಗೆ ಗೊಬ್ಬರರೀ, ಕೇಳಿದಷ್ಟಕ್ಕ ಕೊಟ್ಟು ಹೋಗಬೇಕು." ಹತ್ತು ಮನೆಯ ಹೆಂಗಸರು ಕೂಡಿ, ಕಾಯಿ ಬಲಿತ ಹದ ನೋಡಿ ಕಿತ್ತು, ವಿಂಗಡಿಸಿ, ಒಟ್ಟಿಗೆ ಸಾಗಿಸಿದರೆ ಈ ಅವಸರದ ಮಾರಾಟ ತಪ್ಪುತ್ತದೆ. ಬೇವಿನ ಬೀಜ, ಹುಣಸೆಹಣ್ಣು, ಮುತ್ತಲದ ಎಲೆಯ ಪತ್ರಾವಳಿ, ಹೊಂಗೆ ಬೀಜ ಎಲ್ಲಕ್ಕೂ ಇದೇ ಮಾತು. ಗುಡ್ಡ ದುಡಿದು ಕೊಟ್ಟರೆ ಊರು ಗುಡ್ಡವನ್ನು ಕಾಯುತ್ತದೆ.

ಹಕ್ಕು ಮತ್ತು ಹಾಳೆ

ಕಾನೂನು ಇಲ್ಲವೆನ್ನುವಂತಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡಂಚಿನ ಜನರ ಅಗತ್ಯಗಳಿಗೆ ಸ್ಥಾನ ಕೊಟ್ಟಿತು. ದೇಶದ ಮೂರನೇ ಒಂದು ಭಾಗ, ಬೆಟ್ಟಪ್ರದೇಶದ ಮೂರನೇ ಎರಡು ಭಾಗ ಕಾಡಿರಬೇಕೆಂದೂ ಅದು ಹೇಳಿತು. ಆ ಗುರಿಯ ಮುಂದೆ ನಮ್ಮ ಜಿಲ್ಲೆಯನ್ನು ನಿಲ್ಲಿಸುವುದೇ ಬೇಡ. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1993ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿತು. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಡಿ 2011ರಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ ಸಂಗ್ರಹಿಸಿ ಬದುಕುವ ಅವರಿಗೆ ಅದು ಭಿಕ್ಷೆಯಾಗಿ ಅಲ್ಲ, ಹಕ್ಕಾಗಿ ಬಂತು.

ಆದರೆ ಆದೇಶ ಬಂದ ಮಾತ್ರಕ್ಕೆ ಗುಡ್ಡ ಹಸಿರಾಗುವುದಿಲ್ಲ. ನಾನು ಕಂಡ ಕೆಲವು ಸಮಿತಿಗಳು ಹಾಳೆಯ ಮೇಲಷ್ಟೇ ಇದ್ದವು. ಸದಸ್ಯರಿಗೇ ತಾವು ಸದಸ್ಯರೆಂದು ತಿಳಿದಿರಲಿಲ್ಲ. ಊರ ದೊಡ್ಡವರ ಮನೆಯ ಪಡಸಾಲೆಯಲ್ಲಿ ಸಹಿ ಆಗುತ್ತಿತ್ತು. ಕಟ್ಟಿಗೆ ಹೊರುವ ಹೆಂಗಸರು, ಆಡು ಕಾಯುವ ಹುಡುಗರು ಆ ಪಡಸಾಲೆ ಹತ್ತಿದವರಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬಂದ ಮೇಲೂ, ತುಂಬಿಸಲು ದುಡ್ಡಿಲ್ಲದ ತಿಂಗಳು ಗುಡ್ಡಕ್ಕೆ ಹೋಗುವವಳು ಅವಳೇ. ಎಲ್ಲಿ ಕಟ್ಟಿಗೆ ಉಳಿದಿದೆ, ಎಲ್ಲಿ ಬುಡ ಚಿಗುರಿದೆ ಎಂದು ಅವಳಿಗೆ ಗೊತ್ತಿ‌ರುವಷ್ಟು ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ.

ಊರಿನ ನಿಯಮ ನಮ್ಮಲ್ಲೂ ಇತ್ತು ಎಂಬುದಕ್ಕೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹನುಮಪ್ಪನ ಗುಡಿಯ ಇಳಿಜಾರು ಸಾಕ್ಷಿ. ಸುತ್ತಲ ಗುಡ್ಡವೆಲ್ಲ ಬೋಳು. ಗುಡಿಯ ಹಿಂದೆ ಮಾತ್ರ ಬೇವು, ಕಮರ, ಹುಣಸೆಗಳ ದಟ್ಟ ನೆರಳು. ಅಲ್ಲಿ ಕೊಡಲಿ ಎತ್ತುವಂತಿಲ್ಲ, ಒಣಗಿ ಬಿದ್ದ ಕಟ್ಟಿಗೆ ಜಾತ್ರೆಯ ಅಡಿಗೆಗೆ ಮಾತ್ರ. ಆಡಿಗೆ ಅಲ್ಲಿ ನಿಷೇಧವಿಲ್ಲ. ಮಧ್ಯಾಹ್ನ ನೆರಳಿಗೆ ಬರುತ್ತವೆ, ಉದುರಿದ ಕಾಯಿ ತಿನ್ನುತ್ತವೆ, ಹೋಗುತ್ತವೆ. ಅದೇ ಬಂಡೆ, ಅದೇ ಬಿಸಿಲು. ದೇವರ ಹೆಸರಿನಲ್ಲಿ ಊರು ಒಪ್ಪಿದ್ದನ್ನು ಊರಿನ ಹೆಸರಿನಲ್ಲೂ ಒಪ್ಪಲು ಸಾಧ್ಯ ಎಂದು ನನ್ನ ನಂಬಿಕೆ.

ಮಕ್ಕಳಿಗೆ, ಹೆತ್ತವರಿಗೆ

ಪ್ರೀತಿಯ ವಿದ್ಯಾರ್ಥಿಗಳೆ, ಬರುವ ರಜೆಯಲ್ಲಿ ನಿಮ್ಮ ಊರಿನ ಅಥವಾ ಅಜ್ಜಿಯ ಊರಿನ ಗುಡ್ಡಕ್ಕೆ ಒಮ್ಮೆ ಹೋಗಿ. ನೂರು ಹೆಜ್ಜೆ ಉದ್ದ, ನೂರು ಹೆಜ್ಜೆ ಅಗಲದ ಜಾಗದಲ್ಲಿ ಜೀವಂತ ಬೊಡ್ಡೆ ಎಷ್ಟಿವೆ ಎಣಿಸಿ. ಹೆಸರು ತಿಳಿಯದಿದ್ದರೆ ಆಡು ಕಾಯುವವರನ್ನು ಕೇಳಿ. ಸಸ್ಯಶಾಸ್ತ್ರದ ಅರ್ಧ ಪಾಠ ಅಲ್ಲೇ ಆಗುತ್ತದೆ. ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರೆದಿಡಿ: ಈ ಗುಡ್ಡದಲ್ಲಿ ಮೊದಲು ಯಾವ ಮರ ಇದ್ದವು? ಆಗ ಯಾರ ಮಾತು ನಡೆಯುತ್ತಿತ್ತು? ಮೊದಲು ಬತ್ತಿದ ಬಾವಿ ಯಾವುದು? ಇಂಥ ಇಪ್ಪತ್ತು ವಹಿಗಳು ಒಂದು ಶಾಲೆಯಲ್ಲಿ ಸೇರಿದರೆ, ಗ್ರಾಮಸಭೆಯ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ನೆಡಲೇಬೇಕೆಂಬ ಆಸೆ ಇದ್ದರೆ ಬೀಜ ಬಿತ್ತಿ. ಬೇವಿನ ಹಣ್ಣು ಮಳೆಗಾಲದ ಆರಂಭದಲ್ಲಿ ಉದುರುತ್ತದೆ. ಆ ಬೀಜದ ಜೀವ ಎರಡು ಮೂರು ವಾರ ಮಾತ್ರ, ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಬೇಡಿ. ಸೀತಾಫಲದ ಬೀಜ ಗಟ್ಟಿ, ಮೊಳೆಯಲು ತಿಂಗಳಾದರೂ ಬೇಕು, ನಿರಾಶರಾಗಬೇಡಿ. ಪೊದೆಯ ನೆರಳಿನಲ್ಲಿ, ಬಂಡೆಯ ಸಂದಿನ ತಂಪಿನಲ್ಲಿ ಹಾಕಿ. ಬಯಲಿನಲ್ಲಿ ಸಾಲಾಗಿ ನೆಟ್ಟರೆ ಫೋಟೊಕ್ಕೆ ಚಂದ, ಗಿಡಕ್ಕೆ ಅಲ್ಲ.

ಹೆತ್ತವರಿಗೂ ಒಂದು ಮಾತು. "ಚೆನ್ನಾಗಿ ಓದಿ ಈ ಊರು ಬಿಟ್ಟು ಹೋಗು" ಎಂದು ಮಕ್ಕಳಿಗೆ ಹೇಳುವುದನ್ನು ದಿನಾ ಕೇಳುತ್ತೇನೆ. ಗುಳೆಯ ಕಷ್ಟ ಉಂಡವರ ಬಾಯಲ್ಲಿ ಆ ಮಾತು ಬರುವುದು ಸಹಜ. ಆದರೆ ಹಿವರೆ ಬಾಜಾರಿಗೆ ಬೇಕಾದದ್ದು ಊರಿಗೆ ಮರಳಿದ ಒಬ್ಬ ಓದಿದ ಯುವಕ, ಹಳಕಾರಕ್ಕೆ ಬೇಕಾದದ್ದು ಆದೇಶ ಓದಿ ತಿಳಿದು ನ್ಯಾಯಾಲಯಕ್ಕೆ ಹೋಗಬಲ್ಲ ಕೆಲವು ಜನ. ನಿಮ್ಮ ಮಗ ಮಗಳು ಎಲ್ಲಿಯೇ ಇರಲಿ, ಊರಿನ ಗ್ರಾಮಸಭೆಯ ನೋಟೀಸು ಓದುವ, ಗುಡ್ಡದ ಪಹಣಿ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸುವ ಅಭ್ಯಾಸ ಅವರಿಗೆ ಇರಲಿ. ಗ್ರಾಮಸಭೆ ಕೂಡಿದ ದಿನ ಆಡು ಸಾಕುವವರ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ. ಗುಡ್ಡದ ಯಾವ ಭಾಗವನ್ನು ಮೊದಲು ಮುಚ್ಚಬೇಕೆಂದು ಅವರನ್ನೇ ಮೊದಲು ಕೇಳಿ. ಕಂದಕ, ಸಸಿ, ಕಾವಲುಗಾರ ಎಲ್ಲ ಆಮೇಲೆ.